ನೀರು ಯಾರು ಕೊಟ್ಟರು ಎಂದು ಕೇಳಿದವಳು ನಾನು

ಗುರಮ್ಮನವರ ಆಪರೇಷನ್ ನಿಂತದ್ದು ಅವರು ನೀರು ಕುಡಿದದ್ದಕ್ಕಲ್ಲ, ನನ್ನ ಹಗೆತನಕ್ಕೆ. ಅವರು ಕುಡಿದದ್ದು ಮುಂಜಾನೆ ಆರಕ್ಕೆ, ಅಂಗೈಯಲ್ಲಿ ಹಿಡಿಯುವಷ್ಟು ನೀರು. ಆಪರೇಷನ್ ಇದ್ದದ್ದು ಹನ್ನೊಂದಕ್ಕೆ. ಆ ನೀರಿನಿಂದ ಅವರಿಗೆ ಯಾವ ಅಪಾಯವೂ ಇರಲಿಲ್ಲ. ಇದು ನನಗೆ ಆಮೇಲೆ ತಿಳಿದದ್ದಲ್ಲ, ಸುವರ್ಣಾ — ಆವತ್ತೇ, ಅಲ್ಲೇ, ಬಾಗಿಲಲ್ಲಿ ನಿಂತಾಗಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಅತ್ತೆಯನ್ನು ಮನೆಗೆ ಕಳಿಸಿದೆ. ನೀರು ಕೊಟ್ಟ ನಿನ್ನ ಮೇಲೆ ತಪ್ಪು ಹೊರಿಸಿದೆ.

ಮೊದಲೇ ಬರೆದುಬಿಟ್ಟೆ. ಹಾಗೆ ಬರೆಯಬೇಕೆಂದು ಹೇಳಿದವಳು ನೀನೇ. ಊರು ಸುತ್ತಿ ಬರಬ್ಯಾಡ್ರಿ, ಇಂಗ್ಲಿಷ್ ಶಬ್ದದ ಹಿಂದ ಅಡಗಬ್ಯಾಡ್ರಿ, ದೇವರನ್ನ ನಡುವ ಎಳೀಬ್ಯಾಡ್ರಿ, ಅಳಬ್ಯಾಡ್ರಿ — ಹೀಗೆ ಒಂದೊಂದೇ ಬೆರಳು ಮಡಚಿ ಹೇಳಿದ್ದಿ. ನಿಜ ಹೇಳಲೇ? ಆ ಹೊತ್ತಿಗೆ ನನಗೆ ನಿನ್ನ ಮೇಲೂ ಸಿಟ್ಟು ಬಂತು. ನಲವತ್ತು ತುಂಬದ ಹೆಣ್ಣುಮಗಳು ನನಗೆ ಷರತ್ತು ಹಾಕುತ್ತಾಳಲ್ಲ ಅಂತ ಮೈ ಉರಿಯಿತು. ಅದನ್ನೂ ಬರೆದಿಡುತ್ತಿದ್ದೇನೆ. ಎಲ್ಲ ಬರೆಯಬೇಕು ಅಂದ ಮೇಲೆ ಎಲ್ಲವನ್ನೂ ಬರೆಯಬೇಕು.

ನಿನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೇ ನಾನು ಯಾರೆಂದು ಹೇಳುತ್ತೇನೆ. ನಾನು ಬೀದರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರ್. ಭಾಲ್ಕಿ, ಔರಾದ ಕಡೆಯ ಮಂದಿಗೆ ನಾನು ‘ಬೇಹೋಶಿ ಬಾಯಿ’, ಅಂದರೆ ಎಚ್ಚರ ತಪ್ಪಿಸುವ ಅಮ್ಮ. ಅರವತ್ತೆರಡು ದಾಟಿದೆ. ಮದುವೆಯಾಗಲಿಲ್ಲ. ಮೂವತ್ತು ವರ್ಷ ಜನರನ್ನು ಮಲಗಿಸಿ ಎಬ್ಬಿಸಿದವಳು. ನನ್ನ ಮುಖ ಯಾರಿಗೂ ನೆನಪಿರುವುದಿಲ್ಲ, ಯಾಕೆಂದರೆ ನನ್ನನ್ನು ನೋಡಿದ ಮರುಗಳಿಗೆ ಅವರಿಗೆ ಕಣ್ಣು ಮುಚ್ಚಿರುತ್ತದೆ. ಎದ್ದ ಮೇಲೆ ಕೈ ಮುಗಿಯುವುದು ಸರ್ಜನ್‌ಗೆ. ಈ ಮಾತು ಹೇಳುವಾಗ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ, ನೋಡು.

ಕ್ಯಾನ್ಸರ್ ಗಂಟು ತೆಗೆಯುವವನು ಸರ್ಜನ್, ಒಪ್ಪುತ್ತೇನೆ. ಆದರೆ ಆ ಮನುಷ್ಯ ಟೇಬಲ್ ಮೇಲೆ ಮಲಗಲು ತಯಾರಿದ್ದಾನೋ ಇಲ್ಲವೋ, ರಕ್ತ ಸಾಕೋ, ಎದೆ ತಾಳುತ್ತದೋ, ಎದ್ದ ಮೇಲೆ ನೋವಿಲ್ಲದೆ ಉಸಿರೆಳೆದುಕೊಂಡು ಮರುದಿನವೇ ನಾಲ್ಕು ಹೆಜ್ಜೆ ನಡೆಯುತ್ತಾನೋ — ಇದೆಲ್ಲ ನಮ್ಮ ಕೆಲಸ. ನೋವು ತಾಳದೆ ಬಿದ್ದುಕೊಂಡವರು ಬೇಗ ಚೇತರಿಸುವುದಿಲ್ಲ. ಚೇತರಿಸದವರಿಗೆ ಮುಂದಿನ ಔಷಧ, ಮುಂದಿನ ವಿಕಿರಣದ ಶಾಖ ಎಲ್ಲ ಹಿಂದೆ ಬೀಳುತ್ತವೆ. ಯಾವ ಬಗೆಯ ಅರಿವಳಿಕೆ ಕೊಟ್ಟರೆ ಕ್ಯಾನ್ಸರ್ ಮತ್ತೆ ಬರುವುದು ಕಡಿಮೆಯಾದೀತು ಅಂತ ದೊಡ್ಡ ದೊಡ್ಡ ಸಭೆಗಳಲ್ಲಿ ಇನ್ನೂ ವಾದ ನಡೆದಿದೆ. ಅಲ್ಲಿ ನಾನೂ ಕೂತು ಕೇಳಿದ್ದೇನೆ, ಟಿಪ್ಪಣಿ ಬರೆದುಕೊಂಡಿದ್ದೇನೆ. ಮದ್ದಿನ ಬಗ್ಗೆ ಎಲ್ಲರೂ ಮಾತಾಡಿದರು. ಮದ್ದು ಕೊಡುವವಳ ಮನಸ್ಸಿನಲ್ಲಿ ವಿಷ ಇದ್ದರೆ ರೋಗಿಗೆ ಏನಾಗುತ್ತದೆ ಅಂತ ಯಾರೂ ಮಾತಾಡಲಿಲ್ಲ.

ನಮ್ಮ ಕೈಯಲ್ಲಿ ಇನ್ನೊಂದು ಇದೆ — ‘ಇವತ್ತು ಆಗುವುದಿಲ್ಲ’ ಅನ್ನುವ ಮಾತು. ಅದನ್ನು ಸರ್ಜನ್ ದಾಟುವ ಹಾಗಿಲ್ಲ. ಬೀದರಿನಿಂದ ಹೊರಗೆ ಆಗ ಈ ಕೆಲಸಕ್ಕೆ ಹೋಗುತ್ತಿದ್ದವಳು ನಾನೊಬ್ಬಳೇ. ಮಂಗಳವಾರ ಭಾಲ್ಕಿ, ಶುಕ್ರವಾರ ಔರಾದ. ನಾನು ಬರುವ ದಿನವೇ ಆಪರೇಷನ್ ದಿನ. ಹಾಗಾಗಿ ನಾನು ಇವತ್ತು ಇಲ್ಲ ಅಂದರೆ ಇನ್ನೊಂದು ವಾರ ಇಲ್ಲ. ಆ ಮಾತು ರೋಗಿಯನ್ನು ಕಾಯಲು ಕೊಟ್ಟದ್ದು. ನಾನು ಅದನ್ನು ಒಬ್ಬ ಮನುಷ್ಯನ ಮುಖಕ್ಕೆ ಹೊಡೆಯಲು ಬಳಸಿದೆ.

ಆ ಮನುಷ್ಯ ಭಾಲ್ಕಿಯ ಸರ್ಜನ್; ಔರಾದಕ್ಕೂ ಅವನೇ ಬರುತ್ತಿದ್ದ. ಹೆಸರು ಬೇಡ. ಈಗ ಈ ಕಡೆ ಇಲ್ಲ, ಎಲ್ಲಿದ್ದಾನೋ ನನಗೆ ಬೇಕಾಗಿಯೂ ಇಲ್ಲ. ಕೈ ಚುರುಕು, ಬಾಯಿ ಹೊಲಸು. ಎರಡೂವರೆ ವಾರ ಮೊದಲು ಔರಾದದಲ್ಲಿ ಒಬ್ಬ ಮುದುಕನಿಗೆ ದವಡೆಯ ಗಂಟು ತೆಗೆಯುವುದಿತ್ತು. ಜೀವಮಾನವೆಲ್ಲ ತಂಬಾಕು ಇಟ್ಟುಕೊಂಡ ಬಾಯಿ, ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅಂಥವರನ್ನು ಏಕಾಏಕಿ ಮಲಗಿಸಿದರೆ ಉಸಿರಿನ ನಳಿಕೆ ಹಾಕಲು ದಾರಿಯೇ ಸಿಗುವುದಿಲ್ಲ. ಎಚ್ಚರವಿದ್ದಾಗಲೇ ಮೂಗಿನಿಂದ ನಿಧಾನಕ್ಕೆ ಇಳಿಸಬೇಕು. ನಾನು ಇಳಿಸುತ್ತಿದ್ದೆ, ಬೆವರು ಸುರಿಯುತ್ತಿತ್ತು. ಈತ ಹಿಂದೆ ನಿಂತು ನರ್ಸುಗಳಿಗೆ ಕೇಳುವ ಹಾಗೆ ಅಂದ: “ಸೂಜಿ ಚುಚ್ಚೂ ಬಾಯಿಗೆ ಇಷ್ಟ ಹೊತ್ತಾದ್ರ, ನಾ ಕತ್ತರಿ ಹಿಡಿಯೂದು ಯಾವಾಗ?” ಎಲ್ಲರೂ ನಕ್ಕರು. ಹೊರಗೆ ಹೋಗಿ ಆ ಮುದುಕನ ಮಕ್ಕಳಿಗೂ ಅದನ್ನೇ ಹೇಳಿದ — ಬಾಯಿಯವರಿಗೆ ವಯಸ್ಸಾಗ್ಯದ, ಕೈ ನಡೆಯೂದಿಲ್ಲ ಅಂತ.

ಮುದುಕ ಚೆನ್ನಾಗಿ ಎದ್ದ. ನನಗೆ ಮಾತ್ರ ಆ ನಗು ಕಿವಿಯಲ್ಲಿ ಉಳಿಯಿತು. ಇವನಿಗೆ ಒಂದು ದಿನ ಮುಖ ಇಳಿಯುವ ಹಾಗೆ ಮಾಡಬೇಕು ಅಂತ ಹದಿನೆಂಟು ದಿನ ಜಪ ಮಾಡಿದೆ. ಊಟ ಮಾಡುವಾಗ, ಕಾರು ಓಡಿಸುವಾಗ, ಚರ್ಚಿನ ಬೆಂಚಿನ ಮೇಲೆ ಕೂತಾಗ — ಅದೊಂದೇ ಯೋಚನೆ. ದೇವರನ್ನು ತರಬೇಡ ಅಂದಿದ್ದಿ, ತರುವುದಿಲ್ಲ. ಆದರೆ ನಾನು ಮಿಶನ್ ಕಾಲದ ಮೆಥೋಡಿಸ್ಟ್ ಮನೆಯವಳು, ಪ್ರತಿ ಆದಿತ್ಯವಾರ ಎಲ್ಲರ ಜೊತೆ ನಿಂತು ಪಾಪ ಒಪ್ಪಿಕೊಳ್ಳುವ ಮಾತು ಓದುವವಳು ಅಂತ ಬರೆಯಲೇಬೇಕು. ಎಲ್ಲರೂ ಒಟ್ಟಿಗೆ ಓದುವಾಗ ಎಷ್ಟು ಸುಲಭ ಗೊತ್ತೇನು. ಅಲ್ಲಿ ಯಾರ ಹೆಸರೂ ಇರುವುದಿಲ್ಲ. ಗುರಮ್ಮ ಅಂತ ಇರುವುದಿಲ್ಲ, ಸುವರ್ಣಾ ಅಂತ ಇರುವುದಿಲ್ಲ.

ಆ ಮಂಗಳವಾರ ಸರ್ಜನ್ ದೊಡ್ಡ ತಯಾರಿ ಮಾಡಿಕೊಂಡಿದ್ದ. ಸ್ತನದ ಕ್ಯಾನ್ಸರ್‌ನ ಪೂರ್ತಿ ಆಪರೇಷನ್, ಕಂಕುಳಿನ ಗಂಟುಗಳ ಸಮೇತ, ಭಾಲ್ಕಿಯಲ್ಲಿ ಅದೇ ಮೊದಲು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ತನಗೆ ಕಲಿಸಿದ ಹಿರಿಯ ಸರ್ಜನ್ ಒಬ್ಬರನ್ನು ಹೈದರಾಬಾದಿನಿಂದ ನೋಡಲು ಕರೆಸಿದ್ದ. ಆ ರೋಗಿ ನಿನ್ನ ಅತ್ತೆ. ಮೆಹಕರದ ಗುರಮ್ಮ, ಐವತ್ತಾರು ವರ್ಷ, ತೆಳ್ಳಗಿನ ಮೈ, ಎದೆಯಲ್ಲಿ ಸಣ್ಣ ನಿಂಬೆಯಷ್ಟು ಗಂಟು. ಕಂಕುಳಿನಲ್ಲಿ ಕೈಗೆ ಏನೂ ಸಿಕ್ಕಿರಲಿಲ್ಲ. ಒಳ್ಳೆಯ ಹೊತ್ತಿಗೆ ಬಂದಿದ್ದರು. ಹಿಂದಿನ ವಾರ ನಾನೇ ಪರೀಕ್ಷೆ ಮಾಡಿ ಮಲಗಿಸಲು ಅಡ್ಡಿಯಿಲ್ಲ ಅಂತ ಬರೆದಿದ್ದೆ.

ನಾನು ಭಾಲ್ಕಿಯ ನರ್ಸಿಂಗ್ ಹೋಮ್ ಮುಟ್ಟಿದಾಗ ಹತ್ತಾಗಿತ್ತು. ಆಪರೇಷನ್ ಕೋಣೆಯ ಒಳಗಿನಿಂದ ಆ ಸರ್ಜನ್ ಅತಿಥಿಯ ಜೊತೆ ನಗುವುದು ಕೇಳುತ್ತಿತ್ತು. ಯಾವುದಕ್ಕೆ ನಗುತ್ತಿದ್ದನೋ. ನನಗೆ ಅನಿಸಿದ್ದು ಔರಾದದ ಮಾತನ್ನೇ ಹೇಳಿ ನಗುತ್ತಿದ್ದಾನೆ ಅಂತ. ಬಾಗಿಲ ಹೊರಗೆ ಸ್ಟ್ರೆಚರ್ ಮೇಲೆ ಗುರಮ್ಮ, ಪಕ್ಕದಲ್ಲಿ ಅವರ ಚೀಲ ಹಿಡಿದುಕೊಂಡು ನೀನು. ನಾನು ದಿನಾ ಕೇಳುವ ಪ್ರಶ್ನೆ ಕೇಳಿದೆ: ಮುಂಜಾನೆಯಿಂದ ಏನಾದರೂ ತಗೊಂಡೀರೇನು?

“ಊಟ ಇಲ್ರಿ ಬಾಯಿ, ಚಹಾ ಸುದ್ದಾ ಇಲ್ರಿ. ಲಿಂಗಪೂಜಿ ಮಾಡಿ ಅಂಗೈಯಾಗಿನ ನೀರು ತಗೊಂಡೀನಿ, ಅಷ್ಟೇ. ಆರು ಬಡಿದಿತ್ತು ನೋಡ್ರಿ.”

ಹೀಗೆ ಯಾರೂ ಹೇಳುವುದಿಲ್ಲ, ಸುವರ್ಣಾ. ಮೂವತ್ತು ವರ್ಷದಲ್ಲಿ ನೂರಾರು ಜನ ಬಿಸ್ಕತ್ತು ತಿಂದು ಬಂದು, ಚಹಾ ಕುಡಿದು ಬಂದು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಏನೂ ಇಲ್ರಿ ಅಂದಿದ್ದಾರೆ. ಈ ಹೆಣ್ಣುಮಗಳು ಒಂದು ಗುಟುಕು ನೀರನ್ನು, ಗಂಟೆ ಸಮೇತ, ಕೇಳಿದ್ದಕ್ಕಿಂತ ಹೆಚ್ಚಾಗಿ ಹೇಳಿದಳು. ಬರಿಯ ನೀರು ಎರಡು ತಾಸು ಮೊದಲಿನ ತನಕ ಕುಡಿಯಬಹುದು — ಇದು ನಮ್ಮ ಕೆಲಸದ ಮೊದಲ ಪಾಠ. ಐದು ತಾಸಿನಲ್ಲಿ ಆ ನೀರು ಹೊಟ್ಟೆಯಲ್ಲಿ ಎಲ್ಲಿ ಉಳಿದಿರುತ್ತದೆ? ಆಗಲಿ ಬಿಡ್ರಿ ಅಂತ ಅಂದು ಒಳಗೆ ಕರೆದುಕೊಂಡು ಹೋಗಬೇಕಿತ್ತು. ನನ್ನ ನಾಲಿಗೆಯ ತುದಿಗೆ ಅದೇ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಆಗ ಒಳಗೆ ಮತ್ತೆ ನಗು ಕೇಳಿತು.

ನಾನು ದನಿ ಏರಿಸಿ ಕೇಳಿದೆ: “ನೀರು ಯಾರು ಕೊಟ್ರು?”

ಆ ಪ್ರಶ್ನೆಗೆ ವೈದ್ಯಕೀಯದಲ್ಲಿ ಯಾವ ಅರ್ಥವೂ ಇಲ್ಲ. ಯಾರು ಕೊಟ್ಟರೇನು? ಆದರೆ ಕೋರ್ಟಿನಲ್ಲಿ ವಕೀಲರು ಕೇಳಿದ ಹಾಗೆ ಕೇಳಿದೆ. ಗುರಮ್ಮ ಹೆದರಿ ನಿನ್ನ ಕಡೆ ನೋಡಿದರು. ನೀನು, ನಾನೇ ತಂಬಿಗಿ ಒಯ್ದು ಕೊಟ್ಟೀನ್ರಿ, ಲಿಂಗದ ನೀರು ಊಟ ಅಲ್ಲವ್ವ ಅಂದ್ರು ಅತ್ತಿ — ಇಷ್ಟು ಹೇಳುವುದರೊಳಗೆ ನಾನು ನಿನ್ನ ಬಾಯಿ ಮುಚ್ಚಿಸಿದೆ. ನರ್ಸಿಂಗ್ ಹೋಮಿನ ಪಡಸಾಲೆಯಲ್ಲಿ ನಿನ್ನ ಗಂಡ ಶಿವರಾಜ, ನಿಮ್ಮ ಕಡೆಯ ಏಳೆಂಟು ಮಂದಿ ಕೂತಿದ್ದರು. ಅಲ್ಲಿಗೆ ಹೋಗಿ ಎಲ್ಲರ ನಡುವೆ ಹೇಳಿದೆ: ನಿಮ್ಮ ಮನಿಯವರೇ ಪೇಶಂಟಿಗೆ ನೀರು ಕುಡಿಸ್ಯಾರ, ನಾ ಕೇಳದೆ ನಿದ್ದಿ ಹಚ್ಚಿದ್ರ ನೀರು ಎದಿಯೊಳಗ ಇಳಿದು ಟೇಬಲ್ ಮ್ಯಾಲೇ ಜೀವ ಹೋಗ್ತಿತ್ತು, ಇವತ್ತ ಆಗೂದಿಲ್ಲ. ಶಿವರಾಜ ನಿನ್ನ ಕಡೆ ತಿರುಗಿ ನೋಡಿದ ನೋಟ ನಾನು ಕಂಡೆ. ಕಂಡೂ ನಿಲ್ಲಿಸಲಿಲ್ಲ.

ಸರ್ಜನ್ ಓಡಿ ಬಂದ. ಒಂದು ಗುಟುಕು ನೀರಿಗೆ ಕೇಸ್ ನಿಲ್ಲಸ್ತೀರೇನ್ರಿ ಅಂತ ಕೂಗಾಡಿದ. ಹಂಗಿದ್ರ ನೀವೇ ನಿದ್ದಿ ಹಚ್ಚಿಕೊಳ್ರಿ ಅಂದೆ. ಅವನ ಮುಖ ಇಳಿಯಿತು. ಹೈದರಾಬಾದಿನ ಹಿರಿಯರು ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಹದಿನೆಂಟು ದಿನ ನಾನು ಜಪ ಮಾಡಿದ್ದು ಕೈಗೂಡಿತು. ವಾಪಸು ಬರುವಾಗ ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ ಬಿಸಿ ಮಿರ್ಚಿ ತಿಂದೆ. ಬಹಳ ರುಚಿಯಾಗಿತ್ತು. ಇದನ್ನು ಬರೆಯಲು ಮೂರು ದಿನ ಕೈ ಬರಲಿಲ್ಲ, ಆದರೆ ಇದೂ ನಿಜ — ಆವತ್ತು ನಾನು ಖುಷಿಯಾಗಿದ್ದೆ.

ಮುಂದಿನ ಮಂಗಳವಾರ ಮಾಡೋಣ ಅಂತ ಹೇಳಿ ಕಳಿಸಿದ್ದೆ. ಒಂದು ವಾರ ತಡವಾದರೆ ಏನೂ ಆಗುವುದಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಅದು ಪುಸ್ತಕದಲ್ಲಿ ಸರಿ. ಮೆಹಕರದಂಥ ಊರಿನಿಂದ ಎದೆಯ ಗಂಟು ತೋರಿಸಲು ಒಂದು ಹೆಣ್ಣು ಜೀವ ಎಷ್ಟು ಧೈರ್ಯ ಮಾಡಿ ಬಂದಿರುತ್ತದೆ ಅಂತ ನನಗೆ ಗೊತ್ತಿಲ್ಲದ್ದೇ? ಬಾಗಿಲ ತನಕ ಬಂದವರನ್ನು ಹೆದರಿಸಿ ಹಿಂದೆ ಕಳಿಸಿದರೆ ಅವರು ಮತ್ತೆ ಬರುವುದು ಅಪರೂಪ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗುರಮ್ಮ ಬರಲಿಲ್ಲ. ಮ್ಯಾಲಿನ ಗುರುವೇ ಆಪರೇಷನ್ ಬ್ಯಾಡ ಅಂದಾನ, ಅದಕ್ಕೇ ಹೀಂಗಾಯ್ತು ಅಂತ ಅವರು ಅಂದರಂತೆ. ಟೇಬಲ್ ಮೇಲೆ ಜೀವ ಹೋಗುತ್ತಿತ್ತು ಅಂತ ಡಾಕ್ಟರೇ ಹೇಳಿದ ಮೇಲೆ ಮಗನಿಗೂ ಎದೆ ಒಡೆದಿತ್ತು. ರಾಜ್ಯದ ಗಡಿಯಾಚೆ ಯಾರೋ ಲೇಪ ಹಚ್ಚುವವನ ಹತ್ತಿರ ಕರೆದುಕೊಂಡು ಹೋದರು. ಐದು ತಿಂಗಳು.

ಇದರ ಮೇಲೆ ನಾನು ಬಹಳ ವರ್ಷ ಮಲಗಿ ನಿದ್ದೆ ಮಾಡಿದ್ದೇನೆ. ಅವರು ವಾರಕ್ಕೆ ಬರಬೇಕಿತ್ತು, ಬರಲಿಲ್ಲ, ಲೇಪ ಹಚ್ಚಿಕೊಂಡರು, ನಾನೇನು ಮಾಡಲಿ — ಇದು ನನ್ನ ದಿಂಬು. ಇನ್ನೊಂದು ದಿಂಬೂ ಇತ್ತು: ಆವತ್ತೇ ಆಪರೇಷನ್ ಆಗಿದ್ದರೂ ಬದುಕುತ್ತಿದ್ದರು ಅಂತ ಯಾರು ಹೇಳಿದರು? ಹೌದು, ಯಾರೂ ಹೇಳಲಾರರು. ನಾನೂ ಹೇಳಲಾರೆ. ಡಾಕ್ಟರುಗಳಿಗೆ ಈ ‘ಹೇಳಲಾಗುವುದಿಲ್ಲ’ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಸಣ್ಣ ಗಂಟು, ಖಾಲಿ ಕಂಕುಳು, ತಾಳುವ ಎದೆ — ಇವು ಮೂರೂ ನಾನೇ ನನ್ನ ಕೈಯಾರೆ ಬರೆದದ್ದು. ಬದುಕುವ ದಾರಿ ಅವರ ಮುಂದೆ ಇತ್ತು, ಆ ದಾರಿಗೆ ಅಡ್ಡ ನಿಂತವಳು ನಾನು.

ಐದು ತಿಂಗಳ ನಂತರ ಗಂಟು ಒಡೆದು ವಾಸನೆ ಬಂದ ಮೇಲೆ ಬೀದರಿಗೆ ಬಂದರು. ಕಂಕುಳು ತುಂಬಿತ್ತು, ಪಕ್ಕೆಲುಬಿಗೆ ಇಳಿದಿತ್ತು. ಆಪರೇಷನ್ ಮಾತೇ ಉಳಿದಿರಲಿಲ್ಲ. ಉಳಿದದ್ದು ನೋವು. ನೋವಿನ ಡಾಕ್ಟರ್ ಅಂದರೆ ಮತ್ತೆ ನಾನೇ. ಉಸಿರೆಳೆದರೆ ಪಕ್ಕೆಯಲ್ಲಿ ಚೂರಿ ಹಾಕಿದ ಹಾಗೆ ಆಗುತ್ತಿತ್ತು ಅವರಿಗೆ. ಗುಳಿಗೆ ಕೊಟ್ಟೆ, ಆಮೇಲೆ ಪಕ್ಕೆಲುಬಿನ ನರಗಳಿಗೆ ಮದ್ದು ಕೊಟ್ಟೆ. ಒಂದು ಮಧ್ಯಾಹ್ನ ಮದ್ದು ಹಿಡಿದು ಅವರು ತುಂಬ ಉಸಿರು ತೆಗೆದುಕೊಂಡರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ನೀನು ಕೆಳಗೆ ಔಷಧ ತರಲು ಹೋಗಿದ್ದಿ. ಅವರು ನನ್ನ ಕೈ ಹಿಡಿದುಕೊಂಡರು.

“ನನ್ನ ತಪ್ಪಿಗೆ ನಿಮಗ ಎರಡೆರಡು ಸಲ ತ್ರಾಸ ಆಯ್ತ್ರಿ ಬಾಯಿ. ಆವತ್ತ ನಿಮ್ಮ ದಿನಾ ಕೆಡಿಸಿದೆ. ಆವತ್ತಿನಿಂದ ನಾ ಲಿಂಗದ ನೀರು ತಗೊಂಡಿಲ್ರಿ. ಮನಸ್ಸಿನಾಗ ಇಟ್ಟುಕೋಬ್ಯಾಡ್ರಿ.”

ಸುವರ್ಣಾ, ಇದು ನಿನಗೂ ಗೊತ್ತಿಲ್ಲ. ಇದನ್ನು ನಾನು ನಿನಗೂ ಹೇಳಲಿಲ್ಲ, ಮೊನ್ನೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ನೀನು ಎಲ್ಲ ಕೇಳಿದಾಗಲೂ ಇದೊಂದನ್ನು ನುಂಗಿದೆ. ಅವರು ನನ್ನ ಕ್ಷಮೆ ಕೇಳಿದರು. ಆಗ ಹೇಳಬಹುದಿತ್ತು — ಇಲ್ರಿ, ನಿಮ್ಮ ತಪ್ಪಲ್ಲ, ನಿಮ್ಮ ನೀರಿನದ್ದಲ್ಲ, ನನ್ನದು. ಎಷ್ಟು ಮಾತು? ನಾಲ್ಕು ಮಾತು. ಕೇಳುವವರು ಅವರೊಬ್ಬರೇ, ಕೇಳಿ ಯಾರಿಗೂ ಹೇಳಲು ಅವರಿಗೆ ದಿನಗಳೂ ಉಳಿದಿರಲಿಲ್ಲ. ಅಷ್ಟು ಸುಲಭ ಮಾಡಿಕೊಟ್ಟರೂ ನನ್ನಿಂದ ಆಗಲಿಲ್ಲ. ನಾನು ಅವರ ಕೈ ತಟ್ಟಿದೆ. “ಇರ್ಲಿ ಬಿಡ್ರಿ, ಆಗಿದ್ದಾಯ್ತು” ಅಂದೆ. ಅಂದರೆ ನಾನು ಅವರನ್ನು ಕ್ಷಮಿಸಿದೆ. ನಾನು — ಅವರನ್ನು!

ಅವರ ಮುಖದಲ್ಲಿ ಸಮಾಧಾನ ಕಂಡಿತು. ನನ್ನ ಜೀವನದಲ್ಲಿ ನಾನು ನೋಡಿದ ಕೆಟ್ಟ ನೋಟ ಅದು. ಹನ್ನೊಂದನೆಯ ದಿನ ಅವರು ಹೋದರು. ತಾನು ಪೂಜೆ ಮಾಡಿದ್ದೇ ತನಗೆ ಮುಳುವಾಯಿತು ಅಂತ ನಂಬಿಕೊಂಡು ಹೋದರು. ಒಬ್ಬ ಶರಣೆಯಿಂದ ಅವಳ ಲಿಂಗದ ನೀರನ್ನು ಬಿಡಿಸಿದ್ದು ರೋಗವಲ್ಲ. ಕ್ರಿಶ್ಚನ್ ಡಾಕ್ಟರ್ ಲಿಂಗಪೂಜೆಗೆ ಅಡ್ಡ ಬಂದಳು ಅಂತ ಯಾರಾದರೂ ಅಂದರೆ ಅದೂ ನಿಜವಲ್ಲ. ಅಷ್ಟು ದೊಡ್ಡ ಕಾರಣವೂ ನನಗಿರಲಿಲ್ಲ. ಇದ್ದದ್ದು ಒಂದು ನಗುವಿನ ಮೇಲಿನ ಸಿಟ್ಟು, ಅಷ್ಟೇ.

ಆಮೇಲೆ ಏಳು ವರ್ಷ ನಾನು ಸುಮ್ಮನಿದ್ದೆ. ನಾನಾಗಿಯೇ ಒಂದು ದಿನ ಬಾಯಿ ಬಿಡುತ್ತಿದ್ದೆ ಅಂತ ಯಾರೂ ತಿಳಿಯಬೇಡಿ. ಸಿಕ್ಕಿಬಿದ್ದೇ ಬಾಯಿ ಬಿಟ್ಟೆ.

ಈ ಸಲ ಪಿತ್ತಕೋಶದ ಹರಳಿನ ಆಪರೇಷನ್‌ಗೆಂದು ನೀನು ಬೀದರಿಗೆ ಬಂದಿ. ಈಗ ನಾನು ಮಲಗಿಸುವುದಿಲ್ಲ, ಕೈ ಸ್ವಲ್ಪ ನಡುಗುತ್ತದೆ. ಆಪರೇಷನ್‌ಗೆ ಮೊದಲು ಪರೀಕ್ಷೆ ಮಾಡುವ ಕೋಣೆಯಲ್ಲಿ ಕೂಡುತ್ತೇನೆ. ನಿನ್ನ ಗುರುತೂ ಸಿಗಲಿಲ್ಲ ನನಗೆ. ನಾಲಿಗೆ ಒಣಗಿ ತುಟಿ ಒಡೆದಿತ್ತು. ಕೇಳಿದರೆ ಹಿಂದಿನ ದಿನ ಮಧ್ಯಾಹ್ನದಿಂದ ಒಂದು ಹನಿಯನ್ನೂ ಬಾಯಿಗೆ ಹಾಕಿಲ್ಲ ಅಂದಿ. ನಾನು ಎಂದಿನಂತೆ ಬೈದೆ: ಯಾರು ಹೇಳಿದ್ರವ್ವ ನಿನಗ ಇಷ್ಟ ಉಪವಾಸ ಇರು ಅಂತ, ಬರೇ ನೀರು ಎರಡು ತಾಸು ಮೊದಲತನಾ ಕುಡೀಬಹುದು. ನೀನು ತಲೆ ಎತ್ತಿ ನನ್ನನ್ನು ನೋಡಿದಿ.

“ಎರಡು ತಾಸು ಅಂದ್ರಿ? ನಮ್ಮ ಅತ್ತಿ ಕುಡಿದು ಐದು ತಾಸು ಆಗಿತ್ರಿ.”

ಆಗ ಗುರುತು ಸಿಕ್ಕಿತು. ಮತ್ತೆ ಸುಳ್ಳು ಹೇಳಿದೆ — ಎಷ್ಟು ಬೇಗ ಬಂತು ನೋಡು ಬಾಯಿಗೆ — ಆಗ ನಿಯಮ ಬ್ಯಾರೆ ಇತ್ತು, ಈಗ ಬದಲಾಗ್ಯದ ಅಂದೆ. ನೀನು ಹೂಂ ಅಂದು ಹೋದಿ. ನಿನ್ನ ಆಪರೇಷನ್ ಚೆನ್ನಾಗಿ ಆಯಿತು. ಹೊಲಿಗೆ ಬಿಚ್ಚಿಸಲು ಬಂದ ದಿನ ನೀನು ನಿನ್ನನ್ನು ಮಲಗಿಸಿದ ಆ ಹೊಸ ಡಾಕ್ಟರನ್ನು ಕೇಳಿದಿಯಂತೆ, ಈ ನೀರಿನ ನಿಯಮ ಯಾವಾಗಿನದು ಅಂತ. ತಾನು ಕಾಲೇಜು ಸೇರುವ ಮೊದಲಿನಿಂದ ಇದೆ ಅಂತ ಅವನು ಹೇಳಿದ. ಸೀದಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಿ. ಕೂಡು ಅಂದರೆ ಕೂಡಲಿಲ್ಲ.

ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ತಪ್ಪಿಸಿಕೊಳ್ಳುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಎರಡು ಸಲ ಸುಳ್ಳು ಹೇಳಿದ್ರಿ, ಯಾಕ ಅಂತ ಕೇಳಿದಿ. ನಾನು ಸರ್ಜನ್ ವಿಷಯ, ಔರಾದದ ವಿಷಯ, ನಗು, ಎಲ್ಲ ಹೇಳಿದೆ. ನೀನು ಕೇಳಿಸಿಕೊಂಡಿ. ಆಮೇಲೆ ನಿನ್ನ ಮನೆಯ ವಿಷಯ ಹೇಳಿದಿ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. “ಏಳು ವರ್ಷ ಆಯ್ತು, ನನ್ನ ಗಂಡ ನನ್ನ ಕೈಯಿಂದ ನೀರು ಇಸ್ಕೊಂಡಿಲ್ಲ. ಅಡಿಗಿ ಉಣ್ತಾನ, ಹೊಲದಾಗ ಸಂಗಟ ದುಡಿತಾನ, ಮಕ್ಕಳ ಮುಂದ ಮಾತಾಡ್ತಾನ. ನೀರು ಮಾತ್ರ ಎದ್ದು ತಾನೇ ತುಂಬಿಕೊಳ್ತಾನ. ಬೈಯೂದಿಲ್ಲ, ಹೊಡೆಯೂದಿಲ್ಲ. ಅತ್ತಿ ತೀರಿದ ವರ್ಷದ ದಿನ ಎಲ್ಲಾರೂ ಪಡಸಾಲಿಯೊಳಗ ಪೂಜಿಗಿ ಕೂಡ್ತಾರ, ನಾ ಅಡಿಗಿ ಮನ್ಯಾಗ ಇರ್ತೀನಿ. ಹೊರಗ ಬಾ ಅಂತ ಯಾರೂ ಕರಿಯೂದಿಲ್ಲ. ನಾನೇ ಕೊಂದೆ ಅಂತ ನಾನೂ ತಿಳಕೊಂಡಿದ್ದೆ ಬಾಯಿ. ನೀವು ನನ್ನ ಕೈಲೆ ಕೊಲ್ಲಿಸಿದ್ರಿ ಅಂತ ಗೊತ್ತಿರಲಿಲ್ಲ.”

ನಾನು ನಿನ್ನ ಕಾಲು ಹಿಡಿಯಲು ಬಗ್ಗಿದೆ. ನೀನು ಹಿಂದೆ ಸರಿದಿ.

“ನಾ ನಿಮಗ ಮಾಫ್ ಮಾಡೂದಿಲ್ರಿ. ಅದನ್ನ ಕೇಳಲಿಕ್ಕೆ ಬರಬ್ಯಾಡ್ರಿ. ಬರೆದು ತರ್ರಿ, ಇನ್ನೆರಡು ವಾರಕ್ಕ ಸೋಮವಾರ ಅತ್ತಿದು ವರ್ಷದ ದಿನ ಅದ, ಮನಿ ತುಂಬ ಮಂದಿ ಇರ್ತಾರ. ಎಲ್ಲಾರ ಮುಂದ ಓದ್ರಿ. ಆವತ್ತ ಬೈದಿದ್ರಿ ಮಂದಿ ನಡುವ, ಆ ಮಾತು ಮಂದಿ ನಡುವನೇ ತೆಗೀರಿ.”

ಸರಿಯಾದ ಮಾತು. ಆಗ ನನಗೆ ಸರಿ ಅನಿಸಲಿಲ್ಲ. ಮೊದಲು ಬಂದ ಯೋಚನೆ ಯಾವುದು ಗೊತ್ತೇ — ನಿನ್ನ ಗಂಡನನ್ನು ಒಬ್ಬನನ್ನೇ ಬೀದರಿಗೆ ಕರೆಸಿ ಮೆಲ್ಲಗೆ ಹೇಳಿದರೆ ಸಾಲದೇ ಅಂತ. ಈ ವಯಸ್ಸಿನಲ್ಲಿ ಹೆಸರು ಕೆಡಿಸಿಕೊಳ್ಳುವುದು ಯಾಕೆ ಅಂತ. ಕಾಗದ ಪೊಲೀಸರ ಕೈಗೆ ಹೋದರೆ ಅಂತ. ಒಂದು ವಾರ ಹೀಗೇ ಕಳೆದೆ. ನಿನಗೆ ಆರಾಮಾಗಿ ಬರೆದೆ ಅಂತ ಅನ್ನಿಸಬಾರದು, ಅದಕ್ಕೆ ಹೇಳಿದೆ. ಕೊನೆಗೆ ನನ್ನನ್ನು ಕೂಡಿಸಿದ್ದು ಧೈರ್ಯವಲ್ಲ. ಕರೆಯದೆ ಇದ್ದರೂ ಎಲ್ಲರಿಗೂ ಅಡುಗೆ ಮಾಡಿ ಬಡಿಸಿ ಒಲೆ ಮುಂದೆ ಕೂತಿರುವ ನಿನ್ನ ಏಳು ವರ್ಷ — ಅದನ್ನು ನೆನೆದರೆ ನನ್ನ ಹೆಸರು ಏನು ಮಹಾ. ಹೋಗಲಿ ಹಾಳಾಗಿ.

ಶಿವರಾಜ, ಇನ್ನು ಉಳಿದದ್ದು ನಿಮಗೆ. ನಿಮ್ಮ ತಾಯಿ ನೀರು ಕುಡಿದು ತಪ್ಪು ಮಾಡಲಿಲ್ಲ. ನಿಮ್ಮ ಹೆಂಡತಿ ಕೊಟ್ಟು ತಪ್ಪು ಮಾಡಲಿಲ್ಲ. ನೀವು ನಂಬಿದ್ದು ಡಾಕ್ಟರ ಮಾತನ್ನು. ಆ ಮಾತು ಸುಳ್ಳು. ಏಳು ವರ್ಷ ನೀವು ಹಗೆ ಸಾಧಿಸಿದ್ದು ತಪ್ಪೇ ಮಾಡದವಳ ಮೇಲೆ. ಪೊಲೀಸರ ಹತ್ತಿರ ಹೋಗುತ್ತೀರೋ, ಡಾಕ್ಟರ ಮಂಡಳಿಗೆ ಬರೆಯುತ್ತೀರೋ, ನಿಮ್ಮ ಇಷ್ಟ. ಈ ಕಾಗದದ ಕೆಳಗೆ ನನ್ನ ಸಹಿ ಇದೆ, ನಾನು ಅಲ್ಲಗಳೆಯುವುದಿಲ್ಲ. ಸುವರ್ಣಾ, ಕ್ಷಮಿಸು ಅಂತ ಎಲ್ಲಿಯೂ ಬರೆದಿಲ್ಲ. ನೋಡಿಕೋ.

ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ಭಾಲ್ಕಿಗೆ ಬಂದು ಅಲ್ಲಿಂದ ಮೆಹಕರಕ್ಕೆ ಬರುತ್ತೇನೆ. ಪೂಜೆ ಮುಗಿದ ಮೇಲೆ ಓದು ಅಂದಿದ್ದಿ. ನಿನ್ನ ಎಲ್ಲ ಷರತ್ತು ಒಪ್ಪಿದ್ದೇನೆ, ನನ್ನದೂ ಒಂದು ಇದೆ, ಅದನ್ನು ಅಲ್ಲಿ ಎಲ್ಲಕ್ಕಿಂತ ಮೊದಲು ಬಾಯಲ್ಲೇ ಹೇಳುತ್ತೇನೆ. ಶಿವರಾಜ ಎದ್ದು ಅಡುಗೆ ಮನೆಗೆ ಬಂದು ನಿನ್ನನ್ನು ಕರೆದು, ನೀನು ಪಡಸಾಲೆಯಲ್ಲಿ ಎಲ್ಲರ ನಡುವೆ ಕೂಡುವ ತನಕ ನಾನು ಈ ಕಾಗದ ಬಿಚ್ಚುವುದಿಲ್ಲ. ಎಷ್ಟು ಹೊತ್ತಾದರೂ ಅಲ್ಲೇ ನಿಂತಿರುತ್ತೇನೆ.